ಗೋಡೆಯ ಮೇಲೆ ಕೆಲಸದ ಚಿತ್ರ

ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿಗಳಿಗೆ ಕೈ ತಪ್ಪುವ ಅವಕಾಶವಿರಲಿಲ್ಲ. 1432ರಲ್ಲಿ ಪ್ರತಿಷ್ಠೆಗೊಂಡ, ಸುಮಾರು 42 ಅಡಿಯ ಆ ಮೂರ್ತಿ ಒಂದೇ ಕಲ್ಲಿನದು. ಕಾಪುವಿನಲ್ಲಿ 1901ರಲ್ಲಿ ಎದ್ದ ದೀಪಸ್ತಂಭವೂ ಅಷ್ಟೆ, ಕಟ್ಟಿದ ಮೇಲೆ ನಾಲ್ಕು ಮಾರು ಆಚೆ ಸರಿಸಲಾಗದು. ಇಂಥವಕ್ಕೆ ಮೊದಲೇ ಪೂರ್ತಿ ನಕ್ಷೆ ಬೇಕು.

ಕಂಪ್ಯೂಟರ್ ತಂತ್ರಾಂಶ ಹಾಗಲ್ಲ, ಇಂದು ಬರೆದದ್ದನ್ನು ನಾಳೆ ತಿದ್ದಬಹುದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ತಜ್ಞರು 'ಅಜೈಲ್' ಎಂಬ ಹೆಸರಿನಲ್ಲಿ ಸಾರಿದ್ದು ಇದನ್ನೇ: ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿ, ಮುಂದುವರಿಯಿರಿ. ಮಣಿಪಾಲ, ಉಡುಪಿಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಇಂದಲ್ಲ ನಾಳೆ ಕೇಳಲೇಬೇಕಾದ ಪದವಿದು.

ಬಾಯಲ್ಲಿ ಹೇಳಿದರೆ ತಲೆಗೆ ಹತ್ತದ ಈ ಕ್ರಮ ಚಿತ್ರ ಬರೆದರೆ ಹತ್ತುತ್ತದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಮೂರು ಅಂಕಣ ಎಳೆಯಿರಿ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಕೆಲಸಕ್ಕೊಂದು ಚೀಟಿ. ಇದರ ಮೂಲ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೋ ರೂಪಿಸಿದ 'ಕಾನ್‌ಬಾನ್'. ಆ ಮಾತಿಗೆ ಫಲಕ ಎಂದೇ ಅರ್ಥ. ನಡುವಿನ ಅಂಕಣದಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಕೂಡದೆಂದು ಮಿತಿ ಹಾಕಿ. ಒಂದು ಮುಗಿಯದೆ ಇನ್ನೊಂದು ಒಳಬಾರದು.

ಅಚ್ಚು ಹಾಕಿಸಿದರಾಗದೆ? ಆಗದು. ಅಚ್ಚುಕಟ್ಟಾದ ನಕ್ಷೆಯನ್ನು ಮುಟ್ಟಲು ಹೊಸಬರು ಅಂಜುತ್ತಾರೆ. ಸೊಟ್ಟ ಗೆರೆಯ ಪಕ್ಕದಲ್ಲಿ ಯಾರೂ ಇನ್ನೊಂದು ಗೆರೆ ಎಳೆದಾರು.

ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಒಬ್ಬ ದುಡಿದು ನಾಲ್ವರು ಅಂಕ ಪಡೆಯುವ ಕತೆ ಹೆತ್ತವರಿಗೆ ಹೊಸತಲ್ಲ. ಚೀಟಿಯಲ್ಲಿ ಹೆಸರಿದ್ದರೆ ಯಾರದು ಎರಡು ವಾರದಿಂದ ಅಲುಗಿಲ್ಲವೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆತ ಸೋಮಾರಿಯೇ ಆಗಬೇಕೆಂದಿಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡು, ಕೇಳಲು ನಾಚಿ ಸುಮ್ಮನಿರಬಹುದು. ಹಾಗಿದ್ದರೆ ಅಂದೇ ಇನ್ನೊಬ್ಬ ಅವನ ಜತೆ ಕೂರಬೇಕು.