ಕಾಗದದ ತಂಡವನ್ನು ಕಟ್ಟುವ ಬಗೆ

ಬೇಸಿಗೆಯ ರಜೆ ಬಂದಿತೆಂದರೆ ಹೊನ್ನಾಳಿಯ ನಮ್ಮ ಮನೆಯ ಪಡಸಾಲೆಯು ಮಕ್ಕಳಿಂದ ತುಂಬಿಹೋಗುವುದು. ನನ್ನ ಮೂವರು ತಂಗಿಯರನ್ನೂ ಈ ಸುತ್ತಿನ ಊರುಗಳಿಗೇ ಕೊಟ್ಟಿದೆ: ಒಬ್ಬಳನ್ನು ಚನ್ನಗಿರಿಗೆ, ಒಬ್ಬಳನ್ನು ನ್ಯಾಮತಿಗೆ, ಕಿರಿಯವಳನ್ನು ಜಗಳೂರಿಗೆ. ಅವರ ಮಕ್ಕಳೂ ನನ್ನ ಮಗನೂ ಕೂಡಿದರೆ ನಾಲ್ಕು ಊರುಗಳ ನಾಲ್ಕು ತಂಡಗಳಾದಂತೆಯೇ ಸರಿ. ಐಪಿಎಲ್ ಪಂದ್ಯಗಳು ನಡೆಯುವ ಆ ದಿನಗಳಲ್ಲಿ ಇವರು ಕಾಗದದ ಮೇಲೆ ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡು, ನಿಜವಾದ ಆಟಗಾರರು ಮೈದಾನದಲ್ಲಿ ಗಳಿಸಿದ ಓಟಗಳನ್ನೂ ವಿಕೆಟ್ಟುಗಳನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವರು. ಈ ಕಲ್ಪಿತ ತಂಡದ ಆಟವನ್ನು ಕುರಿತು ಗೃಹಸ್ಥರಾದ ವಾಚಕರಲ್ಲಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದು ನನ್ನ ಅಪೇಕ್ಷೆ.

ಈ ಆಟವು ನಮ್ಮಲ್ಲಿ ಹುಟ್ಟಿದುದಲ್ಲ. ಅಮೆರಿಕದಲ್ಲಿ ಚೀಟಿಗಳಿಂದಲೂ ದಾಳಗಳಿಂದಲೂ ಬೇಸ್‌ಬಾಲನ್ನು ಅನುಕರಿಸುವ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಆಟವು 1961ರಲ್ಲಿಯೇ ಬಂದಿತು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಲೇಖಕರು ತಮ್ಮ ಮಿತ್ರರೊಡನೆ ಸೇರಿ, ಬೇಸ್‌ಬಾಲ್ ಆಟಗಾರರನ್ನು ಹೆಸರಿಗಷ್ಟೇ ಹರಾಜಿನಲ್ಲಿ ಕೊಂಡು, ಋತುವಿನುದ್ದಕ್ಕೂ ಲೆಕ್ಕವಿಡುವ ಪದ್ಧತಿಯನ್ನು ಆರಂಭಿಸಿದರು. ಅವರು ಕೂಡುತ್ತಿದ್ದ ನ್ಯೂಯಾರ್ಕಿನ ಭೋಜನಶಾಲೆಯ ಹೆಸರಿನಿಂದ ಆ ಪದ್ಧತಿಗೆ ರೊಟಿಸೆರಿ ಎಂಬ ಹೆಸರಾಯಿತು. ನಮ್ಮ ದೇಶದಲ್ಲಿ 2008ರಲ್ಲಿ ಐಪಿಎಲ್ ಮೊದಲಾದ ತರುವಾಯ ಇದೇ ಆಟವು ಕ್ರಿಕೆಟ್ಟಿಗೆ ಒಗ್ಗಿ, ಮೊಬೈಲಿನೊಳಕ್ಕೆ ಹೊಕ್ಕು, ಹಣದ ಪಣವನ್ನೂ ಕೂಡಿಸಿಕೊಂಡಿತು.

ಆ ಪಣದ ಪೆಟ್ಟು ನಮ್ಮ ಮನೆಗೂ ತಗುಲಿತು. 2024ರಲ್ಲಿ ಕಾಲೇಜಿನ ಶುಲ್ಕಕ್ಕೆಂದು ನಾನು ಕೊಟ್ಟ ಹಣವನ್ನು ನನ್ನ ಮಗನು ಇಂತಹ ತಂಡಗಳಿಗೆ ಸುರಿದು ಕಳೆದುಕೊಂಡನು. ಮೂವತ್ತು ವರ್ಷ ಪರರ ಮಕ್ಕಳಿಗೆ ನೀತಿಪಾಠ ಹೇಳಿದವನ ಮನೆಯಲ್ಲಿ ಹೀಗಾದುದಕ್ಕೆ ನನಗಾದ ನಾಚಿಕೆಯು ಅಷ್ಟಿಷ್ಟಲ್ಲ. ಎರಡು ದಿನ ಅವನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಅವನೇ ಬಂದು, "ಅಪ್ಪಾ, ತಪ್ಪು ನನ್ನದೇ. ಆದರೆ ಆಟವನ್ನು ಆಡುವಾಗ ನಾನು ಯೋಚಿಸಿಯೇ ಆಡಿದೆ" ಎಂದನು. ಆ ಯೋಚನೆಯನ್ನು ತೋರಿಸೆಂದು ಕೇಳಿದೆನು. ನೋಡಿದರೆ, ಆರಿಸುವ ಶಾಸ್ತ್ರವೇನೋ ಚೊಕ್ಕವಾಗಿಯೇ ಇದ್ದಿತು. ಆದರೆ ಮುಖ ಕಾಣದ ಸಾವಿರಾರು ಜನರ ಮಧ್ಯೆ, ಒಂದೊಂದು ಪಂದ್ಯಕ್ಕೂ ಹೊಸ ತಂಡ ಕಟ್ಟುತ್ತ, ಹೋದುದನ್ನು ಮರಳಿ ಪಡೆಯುವ ಆತುರದಲ್ಲಿ ಆ ಶಾಸ್ತ್ರವು ಕೆಲಸಕ್ಕೆ ಬಂದಿರಲಿಲ್ಲ.

ಸರ್ಕಾರಗಳೂ ಈ ಕೇಡನ್ನು ಕಾಣದೆ ಇರಲಿಲ್ಲ. ನಮ್ಮ ರಾಜ್ಯವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಇವುಗಳನ್ನು ನಿಷೇಧಿಸಲು, 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದಕ್ಕೂ ಮುಂಚೆಯೇ, ಆ ವರ್ಷದ ಬೇಸಿಗೆಯಲ್ಲಿ, ನಾವು ನಮ್ಮ ಮನೆಯಲ್ಲಿ ಪಣವನ್ನು ತೆಗೆದು ಆಟವನ್ನು ಉಳಿಸಿಕೊಂಡೆವು.

ನಮ್ಮ ನಿಯಮಗಳು ಸರಳವಾದುವು. ತಂಡಕ್ಕೆ ಹನ್ನೊಂದು ಜನ: ವಿಕೆಟ್ ಕೀಪರ್ ಒಬ್ಬ, ಬ್ಯಾಟುಗಾರರು ನಾಲ್ವರು, ಆಲ್‌ರೌಂಡರುಗಳು ಇಬ್ಬರು, ಬೌಲರುಗಳು ನಾಲ್ವರು. ಓಟಕ್ಕೆ 1 ಅಂಕ, ವಿಕೆಟ್ಟಿಗೆ 20, ಹಿಡಿದ ಕ್ಯಾಚಿಗೆ 10. ಒಬ್ಬರು ಆರಿಸಿದ ಆಟಗಾರನನ್ನು ಮತ್ತೊಬ್ಬರು ಆರಿಸತಕ್ಕದ್ದಲ್ಲ. ಒಮ್ಮೆ ಕಟ್ಟಿದ ತಂಡವೇ ಪಂದ್ಯಾವಳಿಯ ಕೊನೆಯವರೆಗೂ ಇರತಕ್ಕದ್ದು.

ಇನ್ನು ಆರಿಸುವ ಬಗೆ. ಮೊದಲನೆಯ ಸೂತ್ರವೇನೆಂದರೆ, ಆಟಗಾರನ ಬೆಲೆಯು ಅವನ ಅಂಕಗಳಲ್ಲಿಲ್ಲ. ಅವನಿಗೂ ಕಟ್ಟಕಡೆಗೆ ಯಾರಿಗೂ ಬೇಡವಾಗಿ ಉಳಿಯುವವನಿಗೂ ಇರುವ ಅಂತರದಲ್ಲಿದೆ. ನಾಲ್ಕು ತಂಡಗಳಿಗೆ ಬೇಕಾದ ಬ್ಯಾಟುಗಾರರು ಹದಿನಾರು ಜನ. ಉತ್ತಮನಾದವನು 600 ಅಂಕ ಗಳಿಸುವನೆಂದೂ ಹದಿನೇಳನೆಯವನು 400 ಗಳಿಸುವನೆಂದೂ ಇಟ್ಟುಕೊಳ್ಳೋಣ, ಅಂತರವು 200. ಆಲ್‌ರೌಂಡರುಗಳು ಬೇಕಾದುದು ಎಂಟೇ ಜನ. ಅವರಲ್ಲಿ ಉತ್ತಮನು 550, ಒಂಬತ್ತನೆಯವನು 250 ಗಳಿಸುವುದಾದರೆ ಅಂತರವು 300. ಆದುದರಿಂದ 600ರವನನ್ನು ಬಿಟ್ಟು 550ರವನನ್ನು ಮೊದಲು ಹಿಡಿಯುವುದೇ ಜಾಣತನ. ಸುಲಭವಾಗಿ ದೊರೆಯುವುದಕ್ಕೆ ಅವಸರಪಡಬೇಕಾಗಿಲ್ಲ.

ಎರಡನೆಯದು ಸರದಿಯ ವಿಚಾರ. ನಾವು ಸರ್ಪಗತಿಯಲ್ಲಿ ಆರಿಸುತ್ತೇವೆ: ಮೊದಲ ಸುತ್ತಿನಲ್ಲಿ ಒಂದರಿಂದ ನಾಲ್ಕು, ಮರುಸುತ್ತಿನಲ್ಲಿ ನಾಲ್ಕರಿಂದ ಒಂದು. ಕೊನೆಯ ಚೀಟಿ ಬಂದಿತೆಂದು ನ್ಯಾಮತಿಯ ಹುಡುಗನು ಮುಖ ಸಣ್ಣದು ಮಾಡಿಕೊಂಡನು. ಆದರೆ ಅವನಿಗೆ ಒಟ್ಟಿಗೇ ಇಬ್ಬರು ದೊರೆಯುವರು. ಮತ್ತೆ ಅವನ ಸರದಿ ಬರುವುದರೊಳಗೆ ಆರು ಹೆಸರುಗಳು ಹೋಗುತ್ತವೆ. ನನಗೆ ಬೇಕಾದವನು ಆ ಆರರ ಆಚೆಗೂ ಉಳಿದಾನೆಯೇ ಎಂದು ಕೇಳಿಕೊಂಡು ಆರಿಸಿದರೆ ಕೊನೆಯ ಚೀಟಿಯೂ ಕೆಟ್ಟದ್ದಲ್ಲ.

ಹರಾಜಿನ ಪದ್ಧತಿಯಲ್ಲಿ ಆಡುವವರಿಗೆ ಚನ್ನಗಿರಿಯ ಅಡಿಕೆ ಖೇಣಿದಾರರೇ ಗುರುಗಳು. ಮರದ ಮೇಲಿನ ಗೊನೆಗಳನ್ನು ನೋಡಿ ಇಷ್ಟು ಫಸಲೆಂದು ಅಂದಾಜು ಮಾಡಿ, ಆ ಅಂದಾಜಿಗೆ ಮೀರಿ ಬೆಲೆ ಏರಿದರೆ ಅವರು ತೋಟದಿಂದ ಹೊರನಡೆಯುವರು. ಚನ್ನಗಿರಿಯ ನನ್ನ ಸೋದರಳಿಯನು ಹೀಗೆಯೇ ಪ್ರತಿ ಹೆಸರಿನ ಮುಂದೆ ಮಿತಿಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವನು.

ಮೂರನೆಯದು, ಒಂದು ಪಂದ್ಯದ ಹೊಳಪನ್ನು ನಂಬಬಾರದು. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲವೂ ಬೆಂದಿದೆಯೆಂದು ತಿಳಿಯುವುದು ಸ್ಥಾಲೀಪುಲಾಕ ನ್ಯಾಯ. ಅದು ಒಂದೇ ಒಲೆಯ ಅನ್ನಕ್ಕೆ ಸಲ್ಲುವುದೇ ಹೊರತು ಆಟಗಾರರಿಗೆ ಸಲ್ಲದು. ಒಂದು ದಿನದ ಶತಕವು ಕಾಕತಾಳೀಯವೂ ಆಗಿರಬಹುದು. ನಮ್ಮ ದಾವಣಗೆರೆಯವರಾದ ಆರ್. ವಿನಯ್ ಕುಮಾರರನ್ನು ನೋಡಿ. ಬೆರಗುಗೊಳಿಸುವ ವೇಗವು ಅವರದಲ್ಲ. ಆದರೂ ಪ್ರಥಮ ದರ್ಜೆಯ ಪಂದ್ಯಗಳಲ್ಲಿ 500ಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. 2013-14, 2014-15ರಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕವು ರಣಜಿ ಟ್ರೋಫಿಯನ್ನು ಗೆದ್ದಿತು. ಇತರರ ಕಣ್ಣಿಗೆ ಬೀಳದ ಇಂತಹ ನಿಯತಗಾರರೇ ಕೊನೆಯ ಸುತ್ತುಗಳಲ್ಲಿ ತಂಡದ ಬೆನ್ನೆಲುಬು.

ನಾಲ್ಕನೆಯ ಸೂತ್ರವನ್ನು ಜಗಳೂರಿನ ಹುಡುಗಿಯು ಕಲಿಸಿದಳು. ಮಳೆಯನ್ನು ನಂಬಲಾಗದ ಸೀಮೆಯವಳಾದುದರಿಂದ, ಒಂದೇ ಹೊಲದಲ್ಲಿ ಎರಡು ಮೂರು ಬೆಳೆಗಳನ್ನು ಬಿತ್ತುವುದು ಅವಳಿಗೆ ಗೊತ್ತು. ನನ್ನ ಮಗನು ಅಭಿಮಾನದಿಂದ ಬೆಂಗಳೂರಿನ ತಂಡದವರನ್ನೇ ತುಂಬಿಕೊಂಡನು. ಅವಳು ಹಲವು ತಂಡಗಳಿಂದ ಹೆಕ್ಕಿದಳು. 2025ರ ಮೇ 17ರಂದು ಬೆಂಗಳೂರಿನ ಪಂದ್ಯವು ಒಂದು ಎಸೆತವೂ ಇಲ್ಲದೆ ಮಳೆಯ ಪಾಲಾಯಿತು. ಅವನ ಪುಟದಲ್ಲಿ ಸಾಲು ಸೊನ್ನೆಗಳು ಬಿದ್ದುವು. "ಮಾವ, ಎಲ್ಲಾ ಬೀಜವನ್ನೂ ಒಂದೇ ಹೊಲಕ್ಕೆ ಚೆಲ್ಲಿದರೆ ಹೀಗೇ" ಎಂದು ಅವಳು ನಕ್ಕಳು. ಮಗನೂ ನಕ್ಕನು. ಹಣವಿದ್ದ ಆಟದಲ್ಲಿ ಅವನು ಸೋತು ನಕ್ಕುದನ್ನು ನಾನು ಕಂಡಿರಲಿಲ್ಲ.

ಪಂದ್ಯಾವಳಿ ಮುಗಿದಾಗ ಜಗಳೂರು ಮೊದಲನೆಯದಾಯಿತು, ಹೊನ್ನಾಳಿ ಮೂರನೆಯದು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಗೆದ್ದವಳಿಗೆ ಒಂದು ಬಜ್ಜಿ ಹೆಚ್ಚು. ಆ ರಾತ್ರಿ ಮಗನು ತನ್ನ ಲೆಕ್ಕದ ಪುಸ್ತಕವನ್ನು ತೆರೆದು, ಎಲ್ಲೆಲ್ಲಿ ತಪ್ಪಾಯಿತೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದನು. ಮಕ್ಕಳನ್ನು ಆಟದಿಂದ ಎಳೆದು ತರುವುದಕ್ಕೆ ಮುಂಚೆ ಆ ಆಟದಿಂದ ಪಣವನ್ನು ಎಳೆದು ಹಾಕಬಹುದೇ ಎಂಬುದನ್ನು ತಂದೆತಾಯಿಗಳು ಒಮ್ಮೆ ಆಲೋಚಿಸಬೇಕೆಂದು ನನ್ನ ವಿನಂತಿ.