ತಾಳಿಕೆ ಮತ್ತು ನಿಭಾವಣೆ: ಪುಣೆಯ ಕಸ ಆಯುವ ಮಹಿಳೆಯರ ನಿದರ್ಶನ

ಮನೋವಿಜ್ಞಾನದ ‘ಕೋಪಿಂಗ್’, ‘ರೆಸಿಲಿಯನ್ಸ್’ ಎಂಬ ಪರಿಭಾಷೆಗಳನ್ನು ಕನ್ನಡಿಸುವಾಗ ‘ನಿಭಾವಣೆ’, ‘ತಾಳಿಕೆ’ ಎಂಬ ಪದಗಳು ಸಹಜವಾಗಿ ಒದಗಿಬರುತ್ತವೆ. ಆದರೆ ನಮ್ಮ ಆಡುಮಾತಿನಲ್ಲಿ ತಾಳಿಕೆಯೆಂಬುದು ಬಟ್ಟೆಗೂ ಮರಕ್ಕೂ ಸಲ್ಲುವ ಗುಣ. ಎಷ್ಟು ಉಜ್ಜಿದರೂ ಸವೆಯದಿರುವುದು. ದಮನಿತ ಸಮುದಾಯಗಳಿಗೆ ಈ ಪದವನ್ನು ಅನ್ವಯಿಸುವ ಮೊದಲು ಉಜ್ಜುವ ಕೈ ಯಾರದೆಂದು ಕೇಳಬೇಕಾಗುತ್ತದೆ.

ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಅವರು 1984ರ ತಮ್ಮ ಗ್ರಂಥದಲ್ಲಿ ನಿಭಾವಣೆಯ ಎರಡು ಬಗೆಗಳನ್ನು ಗುರುತಿಸಿದರು. ಸಂಕಟದ ಮೂಲವನ್ನೇ ಬದಲಿಸಲೆತ್ನಿಸುವುದು ಒಂದು. ಸಂಕಟದಿಂದ ಹುಟ್ಟಿದ ಭಾವವನ್ನು ಹದಗೊಳಿಸಿಕೊಳ್ಳುವುದು ಇನ್ನೊಂದು. ಪರಿಸ್ಥಿತಿಯನ್ನು ಬದಲಿಸಬಲ್ಲೆನೆಂದು ವ್ಯಕ್ತಿಗೆ ತೋರಿದಾಗ ಮೊದಲನೆಯದೂ, ತೋರದಿದ್ದಾಗ ಎರಡನೆಯದೂ ಮೇಲುಗೈ ಪಡೆಯುತ್ತದೆ. ಹಾಗಾದರೆ, ಏನೂ ಬದಲಾಗದೆಂದು ಹುಟ್ಟಿನಿಂದಲೇ ಕಲಿತವರ ಪಾಡೇನು?

ಪುಣೆಯ ನಿದರ್ಶನ ಇಲ್ಲಿ ಗಮನಾರ್ಹ. ಆ ನಗರದ ಕಸ ಆಯುವವರಲ್ಲಿ ಬಹುಪಾಲು ದಲಿತ ಮಹಿಳೆಯರು. 1972ರ ಬರಗಾಲದಲ್ಲಿ ಊರು ತೊರೆದು ಬಂದ ಕುಟುಂಬಗಳೂ ಅವರಲ್ಲಿವೆ. ತೊಟ್ಟಿಯ ಕೊಳೆ, ನಾಯಿಗಳ ಕಾಟ, ಕಳ್ಳಿಯರೆಂಬ ಶಂಕೆ ಇವು ಅವರ ದಿನಚರಿಯ ಭಾಗ. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಅಕ್ಷರ ಕಲಿಸಲು ಅವರ ಬಳಿಗೆ ಹೋದರು. ಆದರೆ ಮಹಿಳೆಯರಿಗೆ ಅಕ್ಷರಕ್ಕಿಂತ ಮೊದಲು ಬೇಕಾಗಿದ್ದುದು ಮನೆಬಾಗಿಲಲ್ಲೇ ಬೇರ್ಪಡಿಸಿದ ಒಣಕಸ. ಅದರಿಂದ ದುಡಿಮೆಯ ಹೊತ್ತು ಕುಗ್ಗುತ್ತದೆ, ಬೆಲೆ ಏರುತ್ತದೆ, ಕೈ ಕೊಳೆಯಾಗುವುದು ಕಡಿಮೆಯಾಗುತ್ತದೆ. (ಕಲಿಸಲು ಹೋದವರು ಕಲಿತು ಬಂದರೆನ್ನಬಹುದು.) ಹಮಾಲರನ್ನು ಸಂಘಟಿಸಿದ ಅನುಭವವಿದ್ದ ಬಾಬಾ ಆಢಾವ್ ಅವರ ಬೆಂಬಲದೊಡನೆ 1993ರಲ್ಲಿ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಸ್ಥಾಪಿತವಾಯಿತು.

ಸಂಘದ ಗುರುತುಚೀಟಿಗೆ ಮುಂದೆ ಮಹಾನಗರಪಾಲಿಕೆಯ ಮಾನ್ಯತೆಯೂ ದೊರೆಯಿತು. ಈ ಚೀಟಿಯನ್ನು ಮನೋವೈಜ್ಞಾನಿಕ ದೃಷ್ಟಿಯಿಂದ ಕಡೆಗಣಿಸಲಾಗದು. ಪೊಲೀಸನ ಪ್ರಶ್ನೆಗೆ ತಲೆತಗ್ಗಿಸಿ ಅವಮಾನ ನುಂಗುವುದು ಭಾವದ ನಿಭಾವಣೆ. ಚೀಟಿ ತೋರಿಸಿ ಉತ್ತರಿಸುವುದು ಪರಿಸ್ಥಿತಿಯ ನಿಭಾವಣೆ. ಹೆಂಗಸು ಅವಳೇ; ಬದಲಾದದ್ದು ಅವಳ ಬೆನ್ನಿಗಿರುವ ಬಲ. ತಾಳಿಕೆಯನ್ನು ಕೇವಲ ವ್ಯಕ್ತಿಯ ಎದೆಗಾರಿಕೆಯೆಂದು ಅಳೆಯುವ ಪ್ರಶ್ನಾವಳಿಗಳಿಗೆ ಈ ಅಂತರ ದಕ್ಕುವುದಿಲ್ಲವೆಂದು ನಮ್ಮ ಅನಿಸಿಕೆ.

2008ರಲ್ಲಿ ‘ಸ್ವಚ್ಛ್’ ಸಹಕಾರಿ ಸಂಸ್ಥೆ ಪಾಲಿಕೆಯ ಒಪ್ಪಂದದಡಿ ಮನೆಮನೆಯ ಕಸ ಸಂಗ್ರಹಕ್ಕೆ ತೊಡಗಿತು. ತೊಟ್ಟಿ ಕೆದಕುತ್ತಿದ್ದವರು ಶುಲ್ಕ ಪಡೆಯುವ ಸೇವಾದಾರರಾದರು. ಆದರೂ ಆ ಗಾಡಿಯನ್ನು ತಳ್ಳುವ ಕೈಗಳು ಬಹುಮಟ್ಟಿಗೆ ಅದೇ ಜಾತಿಗಳವು.