ತೋಡಿಗೆ ಕಟ್ಟಿದ ಸರಿಗೆ: ಬಿಗಿದಷ್ಟೂ ಅಪಾಯ

ತೋಡಿನ ಈಚೆ ಮನೆ, ಆಚೆ ತೋಟ. ನಮ್ಮ ಕಡೆ ಹಲವರದ್ದು ಇದೇ ಸ್ಥಿತಿ. ಮಳೆಗಾಲದಲ್ಲಿ ಸಂಕ ದಾಟಿ ಗೊಬ್ಬರ, ಅಡಿಕೆ ಹೊರುವುದು ತ್ರಾಸದ ಕೆಲಸ. ಆಳುಗಳೂ ಸಿಗುವುದಿಲ್ಲ. ಹಾಗಾಗಿ ಎರಡು ಮರಗಳ ನಡುವೆ ಸರಿಗೆ ಎಳೆದು, ರಾಟೆಗೆ ಚೀಲ ತೂಗಿಸಿ ದಾಟಿಸುವ ಉಪಾಯವನ್ನು ಕೆಲವರು ಮಾಡಿಕೊಂಡಿದ್ದೇವೆ. ಖರ್ಚು ಕಡಿಮೆ, ಉಪಕಾರ ದೊಡ್ಡದು. ಆದರೆ ಒಂದು ತಪ್ಪು ಕಲ್ಪನೆ ಮಾತ್ರ ಎಲ್ಲ ಕಡೆ ಇದೆ: 'ಸರಿಗೆ ಗಟ್ಟಿ ಬಿಗಿದಷ್ಟೂ ಒಳ್ಳೆಯದು.'

ನಮ್ಮ ನೆರೆಯವರ ಸರಿಗೆ ಹೀಗೇ ತುಂಡಾಯಿತು. ಅಂತರ 60 ಅಡಿ, ಚೀಲದ ಭಾರ 50 ಕಿಲೋ. ತುಂಡಾದ ತುದಿ ಚಾಟಿಯಂತೆ ಹಾರಿ ಕೆಲಸದವನ ಕಿವಿಯ ಪಕ್ಕದಲ್ಲೇ ಹೋಯಿತು. "ಏಳುನೂರು ಕಿಲೋ ತಡೀತದೆ ಅಂತ ಅಂಗಡಿಯವ ಹೇಳಿದ್ದ ಮಾರಾಯ್ರೆ, ಐವತ್ತು ಕಿಲೋಗೇ ಹೋಯ್ತಲ್ಲ!" ಅಂದರು. ಅಂಗಡಿಯವ ಹೇಳಿದ್ದು ಸುಳ್ಳಲ್ಲ. ಸರಿಗೆಯ ಮೇಲೆ ಬಿದ್ದದ್ದು 50 ಕಿಲೋ ಅಲ್ಲ, ಅಷ್ಟೆ.

ಮನೆಯಲ್ಲೇ ಮಾಡಿ ನೋಡಿ

ಒಂದು ಲೀಟರ್ ನೀರಿನ ಬಾಟ್ಲಿಯನ್ನು ಹಗ್ಗದ ನಡುವಿಗೆ ಕಟ್ಟಿ. ಹಗ್ಗದ ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ಎತ್ತಿದರೆ ಒಂದೊಂದು ಎಳೆಗೆ ಅರ್ಧ ಕಿಲೋ ಭಾರ. ಈಗ ಇಬ್ಬರು 6 ಅಡಿ ದೂರ ನಿಂತು ಎಳೆಯಿರಿ. ಒಂದು ತುದಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ. ಹಗ್ಗ ನಡುವಿನಲ್ಲಿ ಅರ್ಧ ಅಡಿ ಜೋತಾಗ ತಕ್ಕಡಿ ಸುಮಾರು 3 ಕಿಲೋ ತೋರಿಸುತ್ತದೆ. ಕಾಲು ಅಡಿಗೆ ಬಂದಾಗ 6 ಕಿಲೋ! ಪೂರ್ತಿ ನೇರ ಮಾಡಲು ಎಂಥಾ ಗಟ್ಟಿಗರಿಂದಲೂ ಸಾಧ್ಯವಿಲ್ಲ.

ಕಾರಣ ಇಷ್ಟೆ. ಚೀಲ ನಿಶ್ಚಲವಾಗಿ ನಿಲ್ಲಬೇಕಾದರೆ ಅದರ ಮೇಲಿನ ಎಲ್ಲ ಎಳೆತಗಳೂ ಒಂದಕ್ಕೊಂದು ಸರಿದೂಗಬೇಕು. ಭಾರ ಎಳೆಯುವುದು ಕೆಳಕ್ಕೆ. ಅದನ್ನು ಎತ್ತಿ ಹಿಡಿಯುವುದು ಸರಿಗೆಯ ಎಳೆತದಲ್ಲಿ ಮೇಲ್ಮುಖವಾದ ಪಾಲು ಮಾತ್ರ. ಉಳಿದ ಪಾಲು ಎಡಕ್ಕೂ ಬಲಕ್ಕೂ ಎಳೆದು ತಮ್ಮತಮ್ಮಲ್ಲೇ ತೀರಿಹೋಗುತ್ತದೆ. ಸರಿಗೆ ನೇರವಾದಷ್ಟೂ ಮೇಲ್ಮುಖದ ಪಾಲು ಕಡಿಮೆ. ಆ ಸಣ್ಣ ಪಾಲಿನಲ್ಲೇ 50 ಕಿಲೋ ಎತ್ತಬೇಕೆಂದರೆ ಒಟ್ಟು ಎಳೆತ ಬೆಳೆಯಲೇಬೇಕು. ತೂಕಗಳ ಈ ಸಮತೋಲವನ್ನು ನೆದರ್‌ಲೆಂಡ್ಸ್ ಸೀಮೆಯ ಸೈಮನ್ ಸ್ಟೆವಿನ್ 1586ರಷ್ಟು ಹಿಂದೆಯೇ ಪುಸ್ತಕದಲ್ಲಿ ವಿವರಿಸಿದ್ದ. ತಗ್ಗಿನ ಜಾಗದ ನೀರೆತ್ತುವ ಗಾಳಿಯಂತ್ರಗಳ ಕೆಲಸ ಬಲ್ಲ ಇಂಜಿನಿಯರ್ ಆತ.

ಸುಲಭದ ಲೆಕ್ಕ

ಭಾರವನ್ನು ಅಂತರದಿಂದ ಗುಣಿಸಿ, ಜೋಲಿನ ನಾಲ್ಕು ಪಟ್ಟಿನಿಂದ ಭಾಗಿಸಿ. ಬರುವುದೇ ಸರಿಗೆಯ ಎಳೆತ. ಜೋಲು ಅಂದರೆ ಚೀಲ ನಡುವಿಗೆ ಬಂದಾಗ ಸರಿಗೆ ಎಷ್ಟು ಕೆಳಗಿಳಿಯುತ್ತದೋ ಅಷ್ಟು. 60 ಅಡಿ ಅಂತರಕ್ಕೆ, 50 ಕಿಲೋ ಚೀಲಕ್ಕೆ:

ಜೋಲು 6 ಅಡಿ – ಎಳೆತ 125 ಕಿಲೋ
ಜೋಲು 3 ಅಡಿ – 250 ಕಿಲೋ
ಜೋಲು ಒಂದೂವರೆ ಅಡಿ – 500 ಕಿಲೋ
ಜೋಲು 1 ಅಡಿ – 750 ಕಿಲೋ

ನೆರೆಯವರ ಸರಿಗೆ ಒಂದಡಿಯೂ ಜೋತಿರಲಿಲ್ಲ. ಮತ್ತೆ ತುಂಡಾಗದೆ ಏನು? ಚೀಲ ಕುಲುಕಿದರೆ ಎಳೆತ ಇನ್ನೂ ಏರುತ್ತದೆ.

ನಾನು ಪಾಲಿಸುವ ಕ್ರಮ

ಅಂತರದ ಹತ್ತನೇ ಒಂದು ಪಾಲು ಜೋಲು ಬಿಡುತ್ತೇನೆ. ಆಗ ಎಳೆತ ಭಾರದ ಎರಡೂವರೆ ಪಟ್ಟು. ಸರಿಗೆ ತಡೆಯುವ ಶಕ್ತಿ ಆ ಎಳೆತದ ಐದು ಪಟ್ಟಾದರೂ ಇರಬೇಕು. 50 ಕಿಲೋ ಚೀಲಕ್ಕೆ 625 ಕಿಲೋ ಆಯಿತು. ಅದೇ 700 ಕಿಲೋದ ಸರಿಗೆ ಇಲ್ಲಿ ಧಾರಾಳ ಸಾಕು!

ಜೋಲು ಹೆಚ್ಚಾದರೆ ಕೊನೆಗೆ ಚೀಲವನ್ನು ಏರಿಗೆ ಎಳೆಯಬೇಕಾಗುತ್ತದೆ, ನಿಜ. ರಾಟೆಗೆ ಎರಡೂ ಕಡೆಯಿಂದ ಹಗ್ಗ ಕಟ್ಟಿದರೆ ಒಬ್ಬನೇ ಎಳೆಯಬಹುದು.

ಸರಿಗೆಯಷ್ಟೇ ಮುಖ್ಯ ಅದನ್ನು ಕಟ್ಟುವ ಮರ. ಅಡಿಕೆ ಮರಕ್ಕೆ ಕಟ್ಟಲೇಬಾರದು. ಎತ್ತರದಲ್ಲಿ ಕಟ್ಟಿದಷ್ಟೂ ಮರ ಬುಡಸಮೇತ ಬಾಗುವ ಒತ್ತಡ ಹೆಚ್ಚು. ಕಂಬವಾದರೆ ಹಿಂಬದಿಗೆ ಗೂಟ ಹೊಡೆದು ಆಧಾರದ ಸರಿಗೆ ಕೊಡಬೇಕು. ಕಟ್ಟಿದ ಎತ್ತರ 10 ಅಡಿಯಾದರೆ ಗೂಟವೂ ಬುಡದಿಂದ 10 ಅಡಿ ದೂರ ಇರಲಿ. ಮುಂದಿನ ಎಳೆತ 125 ಕಿಲೋ ಇದ್ದರೆ ಆಗ ಆಧಾರದ ಸರಿಗೆಗೆ ಸುಮಾರು 175 ಕಿಲೋ ಬೀಳುತ್ತದೆ. ಜಾಗ ಇಲ್ಲವೆಂದು ಗೂಟವನ್ನು 5 ಅಡಿಗೇ ಹೊಡೆದರೆ ಅದು 280 ಕಿಲೋಗೆ ಏರುತ್ತದೆ. ಇಲ್ಲಿಯೂ ಅದೇ ನಿಯಮ.

ಚೀಲ ದಾಟುವಾಗ ಸರಿಗೆಯ ಅಡಿಯಲ್ಲಾಗಲೀ, ಅದರ ನೇರಕ್ಕಾಗಲೀ ಯಾರೂ ನಿಲ್ಲಬಾರದು. ಮಕ್ಕಳು ನೇತಾಡಲು ಬಿಡಲೇಬೇಡಿ. ಕರೆಂಟಿನ ಲೈನು ಹತ್ತಿರವಿದ್ದರೆ ಈ ಉಪಾಯವೇ ಬೇಡ.

ಈಗಾಗಲೇ ಸರಿಗೆ ಕಟ್ಟಿದವರು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಜೋಲು ಅಳೆದು ನೋಡಿ. ಲೆಕ್ಕಕ್ಕೆ ಕಾಗದ, ಪೆನ್ಸಿಲು ಸಾಕು. ಎಳೆತ ಹೆಚ್ಚು ಬಂದರೆ ಸರಿಗೆಯನ್ನು ಸ್ವಲ್ಪ ಸಡಿಲಿಸಿ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.